ಪೆಟ್ರೋಲ್‌ಗೆ ತಕ್ಕ ಟ್ಯೂನಿಂಗ್: ಅರಬೈಲ್ ಘಟ್ಟದಲ್ಲಿ ಕಲಿತದ್ದು

ನನ್ನದು 2020ರ ಪೋಲೊ, 1.0 ಟಿಎಸ್‌ಐ, ಆರು ಗೇರಿನ ಮ್ಯಾನುವಲ್. ಕಂಪನಿಯಿಂದ ಬಂದಾಗ 110 ಪಿಎಸ್, 175 ಎನ್‌ಎಂ. ಸಾಕಾಗಲಿಲ್ಲ. ಒಂದು ಡಿಸೆಂಬರ್‌ನಲ್ಲಿ ರೀಮ್ಯಾಪ್ ಮಾಡಿಸಿದೆ, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರಿನ ಲೆಕ್ಕಪಟ್ಟಿ (ಮ್ಯಾಪ್) ಬದಲಿಸಿ ಹೊಸ ಫೈಲ್ ಹಾಕಿಸಿದೆ. ಫೈಲಿನ ಹೆಸರಲ್ಲೇ ‘93 ಆಕ್ಟೇನ್’ ಅಂತ ಇತ್ತು. ನಾನು ಹಾಕಿಸುವುದು 95. ಎರಡು ಜಾಸ್ತೀನೇ ಆಯ್ತಲ್ಲ ಅಂದುಕೊಂಡು ಚಳಿಗಾಲ ಪೂರ್ತಿ ಹುಬ್ಬಳ್ಳಿ-ಧಾರವಾಡ ಓಡಾಡಿದೆ. ಏನೂ ಆಗಲಿಲ್ಲ.

ಏಪ್ರಿಲ್‌ನಲ್ಲಿ ಅಂಕೋಲಾಕ್ಕೆ ಹೋಗಿ ಬರುವಾಗ ಬಂಕಲ್ಲಿ 95 ಖಾಲಿಯಾಗಿತ್ತು. ಸಾದಾ ಪೆಟ್ರೋಲ್ ತುಂಬಿಸಿದೆ. ಗಾಡಿಯಲ್ಲಿ ನಾಲ್ಕು ಜನ, ಏಸಿ ಬೇರೆ. ಅರಬೈಲ್ ಘಟ್ಟ ಹತ್ತುವಾಗ ಲಾರಿಯೊಂದರ ಹಿಂದೆ ಮೂರನೇ ಗೇರಲ್ಲಿ ತೆವಳುತ್ತಿದ್ದೆ. ದಾರಿ ಸಿಕ್ಕ ಕೂಡಲೇ ಆಕ್ಸಿಲರೇಟರ್ ಪೂರ್ತಿ ಒತ್ತಿದೆ. ಹಿಂದಿನ ಸೀಟಿಂದ ಕಾಕಾ ಕೇಳಿದರು: “ತಮ್ಮಾ, ಡಬ್ಬ್ಯಾಗ ಶೇಂಗಾ ಹಾಕಿ ಅಲ್ಲಾಡ್ಸಿದಂಗ ಸಪ್ಪಳ ಬರಾಕತ್ತೈತಲ್ಲೊ?”

ಅದೇ ನಾಕಿಂಗ್. ಸ್ಪಾರ್ಕ್ ಹೊತ್ತಿಸಿದ ಬೆಂಕಿ ಸಿಲಿಂಡರ್ ತುಂಬ ಹರಡುವ ಮೊದಲೇ, ಮೂಲೆಯಲ್ಲಿ ಉಳಿದ ಮಿಶ್ರಣ ಒತ್ತಡಕ್ಕೆ, ಬಿಸಿಗೆ ತಾನಾಗೇ ಸಿಡಿಯುತ್ತದೆ. ಹಾಗೆ ಸಿಡಿಯದೆ ಪೆಟ್ರೋಲ್ ಎಷ್ಟು ತಡೆದುಕೊಳ್ಳುತ್ತದೆ ಅನ್ನುವುದಕ್ಕೆ ಆಕ್ಟೇನ್ ನಂಬರ್ ಲೆಕ್ಕ. ಪೆಟ್ರೋಲಿನ ಶಕ್ತಿಗೂ ಅದಕ್ಕೂ ಸಂಬಂಧವಿಲ್ಲ. ಬ್ಯಾಡಗಿ ಮೆಣಸಿನಕಾಯಿ ನೋಡಲು ಕಡುಕೆಂಪು, ಖಾರ ಮಾತ್ರ ಕಮ್ಮಿ, ಅಲ್ವಾ? ಹಂಗೇ ಇದು. ಮ್ಯಾಪ್ ಬದಲಿಸದ ಸಾದಾ ಗಾಡಿಗೆ 100 ಆಕ್ಟೇನ್ ಹಾಕಿ “ಹಾರ್ತದ ನೋಡ್ರಿ” ಅನ್ನುವವರು ಸುಮ್ನೆ ದುಡ್ಡು ಸುಡುತ್ತಿದ್ದಾರೆ.

ಮೊದಲ ಕೆಲಸ, ನಂಬರ್ ಯಾವ ದೇಶದ್ದು ಅಂತ ನೋಡಿ. ನಮ್ಮ ಬಂಕಲ್ಲಿ ಹೇಳುವುದು ಆರ್‌ಒಎನ್ (ರಿಸರ್ಚ್ ಆಕ್ಟೇನ್ ನಂಬರ್). ಅಮೆರಿಕದಲ್ಲಿ ಬರೆಯುವುದು ಆರ್‌ಒಎನ್ ಮತ್ತು ಇನ್ನೂ ಕಠಿಣ ಪರೀಕ್ಷೆಯ ಎಂಒಎನ್ (ಮೋಟರ್ ಆಕ್ಟೇನ್ ನಂಬರ್) ಎರಡರ ಸರಾಸರಿ. ಅದು ಯಾವಾಗಲೂ ಕಡಿಮೆ ಕಾಣುತ್ತದೆ. ಅಲ್ಲಿನ 91 ಅಂದರೆ ಹತ್ತಿರಹತ್ತಿರ ನಮ್ಮ 95-96. ಅಲ್ಲಿನ 93 ಅಂದರೆ ನಮ್ಮ 98ರ ಆಸುಪಾಸು. ನನ್ನ ಫೈಲ್ ಅಮೆರಿಕದ್ದು! ಅಂದರೆ 95 ಹಾಕಿದಾಗಲೂ ನಾನು ಮೂರು ಕಮ್ಮಿಯಲ್ಲೇ ಓಡಿಸುತ್ತಿದ್ದೆ. ಚಳಿ ನನ್ನನ್ನು ಕಾಪಾಡಿತ್ತು, ಅಷ್ಟೇ. ಟ್ಯೂನರ್ ಹತ್ತಿರ ಹೋದಾಗ “ಎಷ್ಟು ಆರ್‌ಒಎನ್‌ಗೆ ಬರೆದದ್ದು?” ಅಂತ ಬಾಯಿಬಿಟ್ಟು ಕೇಳಿ.

ಎರಡನೆಯದು, ಯಾವ ಪೆಟ್ರೋಲ್‌ಗೆ ಬರೆಸಬೇಕು? ಸಿಗುವುದರಲ್ಲಿ ಒಳ್ಳೆಯದಕ್ಕಲ್ಲ, ಪ್ರತಿ ಸಲ ಸಿಗುವುದಕ್ಕೆ. ಊರಲ್ಲೇ ಓಡಾಡುವವರಿಗೆ 95 ಸರಿ. ಗದಗ, ಹಾವೇರಿ, ಯಲ್ಲಾಪುರ ಅಂತ ಸುತ್ತುವವರು ಸಾದಾ ಪೆಟ್ರೋಲ್‌ಗೇ ಬರೆಸಿ, ಇಲ್ಲವೇ ಎರಡು ಮ್ಯಾಪ್ ಇಟ್ಟುಕೊಳ್ಳಿ. ಈಗ ಸಾದಾ ಪೆಟ್ರೋಲ್‌ನಲ್ಲಿ ಶೇಕಡ 20 ಎಥನಾಲ್ ಇದೆ. ಎಥನಾಲ್ ನಾಕಿಂಗ್ ತಡೆಯುತ್ತದೆ ನಿಜ. ಸರ್ಕಾರ ಕೂಡ ಇ20 ಅಂದರೆ 95 ಆರ್‌ಒಎನ್ ಅನ್ನುತ್ತದೆ. ಆದರೆ ಅದನ್ನು ನಂಬಿ ಟೈಮಿಂಗ್ (ಸ್ಪಾರ್ಕ್ ಎಷ್ಟು ಮುಂಚೆ ಹೊತ್ತಬೇಕು ಅನ್ನುವ ಲೆಕ್ಕ, ಡಿಗ್ರಿಯಲ್ಲಿ) ಏರಿಸಬೇಡಿ, ಮೊದಲು ಲಾಗ್, ಅಂದರೆ ಗಾಡಿ ಓಡುವಾಗ ಬರೆದಿಟ್ಟುಕೊಂಡ ಇಂಜಿನ್ನಿನ ಅಂಕಿಗಳನ್ನು ನೋಡಿ. ಇನ್ನೊಂದು, ತೂಕದ ಲೆಕ್ಕದಲ್ಲಿ ಶುದ್ಧ ಪೆಟ್ರೋಲಿನ ಒಂದು ಪಾಲಿಗೆ ಗಾಳಿ 14.7 ಪಾಲು ಬೇಕು, ಇ20ಗೆ ಸುಮಾರು 13.5 ಸಾಕು. ಹಳೇ ಮ್ಯಾಪಾಗಿದ್ದರೆ ಫ್ಯುಯೆಲ್ ಟ್ರಿಮ್ (ಪೆಟ್ರೋಲ್ ಅಳತೆಗೆ ಕಂಪ್ಯೂಟರ್ ತಾನೇ ಮಾಡುವ ತಿದ್ದುಪಡಿ) ಪ್ಲಸ್ ಕಡೆ ಸರಿದಿರುತ್ತದೆ, ಅದನ್ನೂ ಸರಿ ಮಾಡಿಸಿ.

ಲ್ಯಾಪ್‌ಟಾಪ್ ತೆಗೆಯುವ ಮೊದಲು ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ. ನಾನು ಮನೆಗೆ ಬಂದ ಮರುದಿನ ಬೆಳಗ್ಗೆ ಇಂಜಿನ್ ತಣ್ಣಗಿದ್ದಾಗ ಮೂರೂ ಬಿಚ್ಚಿದೆ. ಎರಡನೇ ಸಿಲಿಂಡರಿನ ಪ್ಲಗ್ ತುದಿಯ ಬಿಳಿ ಪಿಂಗಾಣಿ ಮೇಲೆ ಕಾಳುಮೆಣಸಿನ ಪುಡಿ ಉದುರಿಸಿದ ಹಾಗೆ ಕರಿ ಚುಕ್ಕೆ. ಬಿಸಿಲಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದರೆ ನಡುವೆ ಒಂದೆರಡು ಬೆಳ್ಳಗೆ ಹೊಳೆಯುತ್ತಿದ್ದವು. ಆ ಹೊಳಪು ಪಿಸ್ಟನ್ನಿನ ಅಲ್ಯೂಮಿನಿಯಂ. ಹೊಟ್ಟೆಯಲ್ಲಿ ಏನೋ ಆಯಿತು. ಕರಿ ಚುಕ್ಕೆ ಕಂಡರೇ ಎಚ್ಚರವಾಗಬೇಕು. ಹೊಳೆಯುವುದು ಕಂಡರೆ ಗಾಡಿ ನಿಲ್ಲಿಸಿಬಿಡಿ.

ಮುಂದೆ ಲಾಗಿಂಗ್. ಗಾಡಿಯ ಕಂಪ್ಯೂಟರಿಗೆ ಚುಚ್ಚುವ ಸಾಧಾರಣ ಡಾಂಗಲ್ ಒಟ್ಟು ಟೈಮಿಂಗ್ ಮಾತ್ರ ತೋರಿಸುತ್ತದೆ. ಫೋಕ್ಸ್‌ವ್ಯಾಗನ್‌ನವಕ್ಕೆ ವಿಸಿಡಿಎಸ್ ಅನ್ನುವ ಸಾಫ್ಟ್‌ವೇರ್ ಹಾಕಿದರೆ, ನಾಕಿಂಗ್ ತಡೆಯಲು ಕಂಪ್ಯೂಟರ್ ಪ್ರತಿ ಸಿಲಿಂಡರಿನಲ್ಲಿ ಟೈಮಿಂಗನ್ನು ಎಷ್ಟು ಡಿಗ್ರಿ ಹಿಂದೆ ಎಳೆದಿದೆ ಅಂತ ಬಿಡಿಬಿಡಿಯಾಗಿ ಕಾಣುತ್ತದೆ. ಜೊತೆಗೆ ಆರ್‌ಪಿಎಂ, ಬೂಸ್ಟ್ (ಟರ್ಬೊ ಒಳಗೆ ತಳ್ಳುವ ಗಾಳಿಯ ಒತ್ತಡ), ಒಳಗೆ ಬರುವ ಗಾಳಿಯ ಬಿಸಿ, ಇಷ್ಟು ಸಾಕು. ಇದಕ್ಕೆ ಬೈಪಾಸಲ್ಲಿ 140 ಹೊಡೆಯುವ ಹುಚ್ಚು ಬೇಡ. ನಾಕಿಂಗ್ ಹುಡುಕಲು ಸ್ಪೀಡ್ ಬೇಡ, ಭಾರ ಬೇಕು. ಏರು ದಾರಿ, ನಾಲ್ಕು ಜನ, ಮೂರನೇ ಗೇರ್, 1,800ರಿಂದ 3,500 ಆರ್‌ಪಿಎಂ. ಗಂಟೆಗೆ 80 ಕೂಡ ದಾಟುವುದಿಲ್ಲ. ಲ್ಯಾಪ್‌ಟಾಪ್ ಪಕ್ಕದವರ ತೊಡೆ ಮೇಲಿರಲಿ. ಮಧ್ಯಾಹ್ನದ ಬಿಸಿಲಲ್ಲೇ ಮಾಡಿ. ಬೆಳಗ್ಗೆ ಆರಕ್ಕೆ ಎಲ್ಲ ಗಾಡಿಯೂ ಸಾಧು.

ನನ್ನ ಲಾಗಲ್ಲಿ 2,200 ಆರ್‌ಪಿಎಂಗೆ ಎರಡನೇ ಸಿಲಿಂಡರ್ 6 ಡಿಗ್ರಿ, ಮೂರನೆಯದು 5 ಡಿಗ್ರಿ ಹಿಂದೆ ಸರಿದಿದ್ದವು. ನನ್ನ ಲೆಕ್ಕದಲ್ಲಿ ಅಲ್ಲೊಂದು ಇಲ್ಲೊಂದು 2-3 ಡಿಗ್ರಿ ನಡೆಯುತ್ತದೆ. ಒಂದಕ್ಕಿಂತ ಹೆಚ್ಚು ಸಿಲಿಂಡರಿನಲ್ಲಿ 4 ದಾಟಿ ಅಲ್ಲೇ ನಿಂತರೆ ಮ್ಯಾಪ್ ಸರಿಯಿಲ್ಲ. ನಾಕ್ ಸೆನ್ಸರ್ ಇದೆಯಲ್ಲ ಅನ್ನಬೇಡಿ. ಅದು ಬಡಿತ ಕೇಳಿಸಿಕೊಂಡ ಮೇಲೆ ಟೈಮಿಂಗ್ ಎಳೆಯುತ್ತದೆ. ಮೊದಲ ಏಟು ಪಿಸ್ಟನ್ನಿಗೆ ಬಿದ್ದೇ ಬಿದ್ದಿರುತ್ತದೆ.

ಸರಿ ಮಾಡಲು ಹೊರಟವರು ಮೊದಲು ಟೈಮಿಂಗ್‌ಗೆ ಕೈ ಹಾಕುತ್ತಾರೆ. ನಾನು ಮೊದಲು ಕೆಳಗಿನ ಆರ್‌ಪಿಎಂನ ಬೂಸ್ಟ್ ಇಳಿಸಿಸಿದೆ. ಟರ್ಬೊ 1,900ಕ್ಕೇ ಪೂರ್ತಿ ತುಂಬುತ್ತಿದ್ದದ್ದನ್ನು 2,600ಕ್ಕೆ ತಳ್ಳಿದೆವು. ಆಮೇಲೆ ಒಂದೊಂದೇ ಡಿಗ್ರಿ, ಒಟ್ಟು ಎರಡು ಡಿಗ್ರಿ ಟೈಮಿಂಗ್ ಕಮ್ಮಿ. ಪ್ರತಿ ಬದಲಾವಣೆ ಆದಮೇಲೆ ಅದೇ ಏರು, ಅದೇ ಹೊತ್ತು, ಮತ್ತೆ ಲಾಗ್. ಒಂದೇ ಸಲ ಎರಡು ಬದಲಿಸಿದರೆ ಯಾವುದರಿಂದ ಏನಾಯಿತು ಗೊತ್ತಾಗುವುದಿಲ್ಲ. ಪ್ಲಗ್ ಒಂದು ಹಂತ ತಣ್ಣನೆಯದು, ಅಂದರೆ ಬಿಸಿಯನ್ನು ಬೇಗ ಹೊರಗೆ ಬಿಡುವಂಥದು ಹಾಕಿದೆ. ಕೊನೆಗೆ ಲಾಗಲ್ಲಿ ಹಿಂದೆ ಎಳೆಯುವುದು 1.5 ಡಿಗ್ರಿಗೆ ಬಂದು ನಿಂತಿತು. ಕೆಳಗೆ ಸ್ವಲ್ಪ ಮಂದವಾಯಿತು, ಹೌದು.

ಆಕ್ಟೇನ್ ಬೂಸ್ಟರ್ ಬಾಟಲಿ ಮೇಲೆ ‘20 ಪಾಯಿಂಟ್’ ಅಂತ ಕಂಡರೆ 95 ಹೋಗಿ 115 ಆಗುತ್ತದೆ ಅಂದುಕೊಳ್ಳಬೇಡಿ. ಅಲ್ಲಿ ಹತ್ತು ಪಾಯಿಂಟ್ ಅಂದರೆ ಸಾಮಾನ್ಯವಾಗಿ ಒಂದು ಆಕ್ಟೇನ್. ವಾರಂಟಿ ಇನ್ನೂ ಇದ್ದವರು ರೀಮ್ಯಾಪ್ ತಂಟೆಗೇ ಹೋಗಬೇಡಿ.

ದಾರಿಯಲ್ಲಿ ಕಮ್ಮಿ ಆಕ್ಟೇನಿನದೇ ಗತಿ ಅಂದಾಗ ಮನೆ ಮುಟ್ಟುವಷ್ಟೇ ಹಾಕಿಸಿ. ಟ್ಯಾಂಕಲ್ಲಿ ಇರುವ ಒಳ್ಳೆಯದರ ಜೊತೆ ಬೆರೆತು ನಡುವಿನ ನಂಬರ್ ಬರುತ್ತದೆ. 3,000 ಆರ್‌ಪಿಎಂಗಿಂತ ಕೆಳಗೆ ಆಕ್ಸಿಲರೇಟರ್ ಪೂರ್ತಿ ಒತ್ತಬೇಡಿ, ಗೇರ್ ಇಳಿಸಿ. ತಮ್ಮ ಆಗಾಗ ಗಾಡಿ ಒಯ್ಯುತ್ತಾನೆ ಅಂತ ನಾನು ಟ್ಯಾಂಕಿನ ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸಿದ್ದೇನೆ: ‘95 ಆರ್‌ಒಎನ್. ಸಿಗದಿದ್ದರೆ 10 ಲೀಟರ್, ಮೆಲ್ಲಗೆ ಬಾ.’