18ನೇ ದಿನದ ಸೂಜಿ: ನನ್ನ ಅನುಭವ

"ಮೊಟ್ಟೆಗೆ ಇಂಜೆಕ್ಷನ್ನಾ? ತಲೆಗಿಲೆ ಕೆಟ್ಟಿದೆಯಾ ಅಣ್ಣ?" ಫೀಡ್ ಅಂಗಡಿಯಲ್ಲಿ ಎಲ್ಲರೆದುರು ಹೀಗೆ ಕೇಳಿದವರು ಈಗ ಮರಿ ಬುಕ್ ಮಾಡುವಾಗ "ಸೂಜಿ ಹಾಕಿದ ಮರೀನೇ ಕೊಡಿ" ಎನ್ನುತ್ತಾರೆ. ಮರಿ ಹೊರಬರುವ ಮೊದಲೇ ಮೊಟ್ಟೆಯೊಳಗೆ ವಿಟಮಿನ್ ಚುಚ್ಚುವ ಈ ಕೆಲಸ ಕೈಗೆ ಹತ್ತಲು ಎರಡು ಚಳಿಗಾಲ ಹಿಡಿಯಿತು. ಕೈಯಿಂದ ನಲವತ್ತು ಸಾವಿರದಷ್ಟು ಹೋಯಿತು. ಮತ್ತೊಬ್ಬರ ದುಡ್ಡು ಹಾಗೆ ಹೋಗದಿರಲಿ ಎಂದು ಬರೆಯುತ್ತಿದ್ದೇನೆ.

ನಮ್ಮದು ಹೊಸೂರಿನಿಂದ ಡೆಂಕಣಿಕೋಟೆಗೆ ಹೋಗುವ ಕಡೆ ಸಣ್ಣ ಹ್ಯಾಚರಿ. ಮೊಟ್ಟೆಗೆ ಕಾವು ಕೊಡುವ 10,000 ಮೊಟ್ಟೆಯ ಸೆಟ್ಟರ್ ಒಂದು, ಕೊನೆಯ ದಿನಗಳಲ್ಲಿ ಮರಿ ಒಡೆಯಲು ಇಡುವ ಹ್ಯಾಚರ್ ಒಂದು. ಪಕ್ಕದಲ್ಲೇ ನಮ್ಮದೇ 3,000 ಮಾಂಸದ ಕೋಳಿಯ ಶೆಡ್. ಮೊಟ್ಟೆ ಬರುವುದು ಪಲ್ಲಡಂ ಕಡೆಯಿಂದ. ನಮ್ಮಂಥ ಸಣ್ಣವರಿಗೆ ಎಂಥ ಮೊಟ್ಟೆ ಸಿಗುತ್ತದೆ ಅಂತ ನಿಮಗೆ ಗೊತ್ತೇ ಇದೆ. ವಯಸ್ಸಾದ ಕೋಳಿಯ ಮೊಟ್ಟೆ, ಅದೂ ಏಳೆಂಟು ದಿನ ಇಟ್ಟಿದ್ದು. ಒಳ್ಳೆಯದೆಲ್ಲ ದೊಡ್ಡ ಕಂಪನಿಗಳು ತಮ್ಮಲ್ಲೇ ಇಟ್ಟುಕೊಳ್ಳುತ್ತವೆ. ಅಂಥ ಮೊಟ್ಟೆಯ ಮರಿ ಹೊಸೂರಿನ ಡಿಸೆಂಬರ್ ಚಳಿಯಲ್ಲಿ ಮರಿಗೆ ಕಾವು ಕೊಡುವ ಬ್ರೂಡರ್ ಕೆಳಗೆ ಮುದುರಿ ಕೂತರೆ ಏಳುವುದೇ ಇಲ್ಲ. ಮೊದಲ ವಾರದಲ್ಲೇ ನೂರಕ್ಕೆ ಐದು, ಒಮ್ಮೊಮ್ಮೆ ಆರು ಸಾಯುತ್ತಿದ್ದವು. ಹೊಕ್ಕುಳು ಸರಿಯಾಗಿ ಮುಚ್ಚಿರುತ್ತಿರಲಿಲ್ಲ. ನೀರಿಗೆ ವಿಟಮಿನ್ ಹಾಕಿದರೆ ಕುಡಿಯುವಷ್ಟು ಶಕ್ತಿ ಇದ್ದ ಮರಿ ಮಾತ್ರ ಕುಡಿಯುತ್ತಿತ್ತು. ಯಾವುದಕ್ಕೆ ಬೇಕೋ ಅದಕ್ಕೆ ಸಿಗುತ್ತಿರಲಿಲ್ಲ.

ನನ್ನ ಚಿಕ್ಕಪ್ಪ ಮೂವತ್ತು ವರ್ಷ ಲೇಯರ್, ಅಂದರೆ ಮೊಟ್ಟೆಯ ಕೋಳಿ, ಸಾಕಿದವರು. "ಮೊಟ್ಟೆ ಇಡೋ ಕೋಳಿ ಏನು ತಿಂದಿದೆಯೋ ಅದೇ ಮರಿಗೆ. ನಡುವೆ ನೀನು ಕೈ ಹಾಕಬೇಡ" ಎಂದರು. ಅವರ ಮಾತಿನಲ್ಲಿ ಸುಳ್ಳಿಲ್ಲ. ಹಳದಿಯಲ್ಲಿರುವ ವಿಟಮಿನ್ ಬಹುಪಾಲು ತಾಯಿಕೋಳಿಯ ಫೀಡ್‌ನಿಂದಲೇ ಬರುತ್ತದೆ. ಆದರೆ ಆ ಕೋಳಿ ನಮ್ಮದಲ್ಲವಲ್ಲ. ಎಲ್ಲೋ ಇರುವ ಕೋಳಿಯ ಫೀಡ್ ನಾನು ಬದಲಾಯಿಸಲಿಕ್ಕೆ ಆಗುವುದಿಲ್ಲ. ನನ್ನ ಕೈಗೆ ಸಿಗುವುದು ಮೊಟ್ಟೆ ಒಂದೇ. ಅಮೆರಿಕದಲ್ಲಿ 1992ರ ಹೊತ್ತಿಗೇ ಕೋಳಿಗೆ ಬರುವ ಮೆರೆಕ್ಸ್ ರೋಗದ ಲಸಿಕೆಯನ್ನು ಮೊಟ್ಟೆಗೆ ಚುಚ್ಚುವ ಮೆಷಿನ್ ಬಂದಿತ್ತು. ನಮ್ಮ ಇಜ್ಜತ್‌ನಗರದ ಕೇಂದ್ರ ಪಕ್ಷಿ ಸಂಶೋಧನಾ ಸಂಸ್ಥೆಯವರೂ ಮೊಟ್ಟೆಯೊಳಗೆ ಪೋಷಕಾಂಶ ಕೊಟ್ಟು ನೋಡಿದ್ದಾರೆ. ಲಸಿಕೆ ಹೋಗುವ ದಾರಿಯಲ್ಲಿ ವಿಟಮಿನ್ ಯಾಕೆ ಹೋಗಬಾರದು? ಮೆಷಿನ್ ಕೊಳ್ಳುವ ಮಾತೇ ಇಲ್ಲ. ಕೈಯಲ್ಲೇ ಮಾಡೋಣ ಎಂದು ಹೊರಟೆ.

ಮೊದಲ ಸಲ ಮೆಡಿಕಲ್ ಸ್ಟೋರ್‌ನ ವಿಟಮಿನ್ ಇ ಕ್ಯಾಪ್ಸೂಲ್ ಒಡೆದು, ಎಣ್ಣೆಯನ್ನೇ ಸಿರಿಂಜ್‌ಗೆ ಎಳೆದೆ. ಅಂಥ ತಪ್ಪು ಮಾಡಬೇಡಿ. ಮರಿ ಕೊನೆಯ ದಿನಗಳಲ್ಲಿ ತನ್ನ ಸುತ್ತಲಿನ ನೀರನ್ನು ಕುಡಿಯುತ್ತದೆ, ನಾವು ಹಾಕಿದ್ದು ಆ ನೀರಿನಲ್ಲಿ ಕರಗಬೇಕು. ಎಣ್ಣೆ ಬೇರೆಯಾಗಿ ನಿಂತಿತು. 150 ಮೊಟ್ಟೆಯಲ್ಲಿ ಹೊರಬಂದಿದ್ದು ತೊಂಬತ್ತರ ಆಸುಪಾಸು. ಉಳಿದವನ್ನು ಒಡೆದು ನೋಡಿದರೆ ಪೂರ್ತಿ ಬೆಳೆದ ಮರಿ, ಮೈಯೆಲ್ಲ ಅಂಟು ಅಂಟು. ಆ ರಾತ್ರಿ ಊಟ ಸೇರಲಿಲ್ಲ.

ಆಮೇಲೆ ನೀರಿನಲ್ಲಿ ಬೆರೆಯುವ ಇ ತರಿಸಿದೆ. ದನಕ್ಕೆ ಕೊಡುವ ಇ-ಸೆಲೆನಿಯಮ್ ಬಾಟಲಿ ಸುಲಭವಾಗಿ ಸಿಗುತ್ತದೆ, ಆದರೆ ಅದನ್ನು ಮೊಟ್ಟೆಗೆ ಹಾಕಬೇಡಿ. ಸೆಲೆನಿಯಮ್ ಸ್ವಲ್ಪ ಹೆಚ್ಚಾದರೂ ಭ್ರೂಣಕ್ಕೆ ವಿಷ. ಹೊಸ ಇ ಹಾಕಿದ ಎರಡನೇ ಸಲವೂ ಸೋತೆ, ಮೂರನೇ ಸಲವೂ ಸೋತೆ. ವಿಟಮಿನ್ ಜಾಸ್ತಿಯಾಯಿತೇನೋ ಎಂದು ಕಡಿಮೆ ಮಾಡಿದೆ. ಆಗಲೂ ಅಷ್ಟೇ.

ಹೊಸೂರಿನ ಮತ್ತಿಗಿರಿಯಲ್ಲಿ ಕೋಳಿ ಸಾಕಾಣಿಕೆಗೆಂದೇ ಒಂದು ಕಾಲೇಜಿದೆ. ಅಲ್ಲಿ ಓದಿದ ನಮ್ಮ ನೆಂಟರ ಹುಡುಗನೊಬ್ಬ ಹಬ್ಬಕ್ಕೆ ಬಂದಿದ್ದ. ಎಲ್ಲ ಕೇಳಿ, "ಮಾವ, ಬರೀ ಸಲೈನ್ ಹಾಕಿ ನೋಡಿದ್ದೀರಾ?" ಎಂದ. ನೋಡಿರಲಿಲ್ಲ. ಮುಂದಿನ ಸಲ ಮೂರು ಗುಂಪು ಮಾಡಿದೆ. ಮುಟ್ಟದ ಮೊಟ್ಟೆ ನೂರು, ಬರೀ ಸಲೈನ್ ನೂರು, ವಿಟಮಿನ್ ನೂರು. ಮುಟ್ಟದ್ದರಲ್ಲಿ 86 ಮರಿ. ಸಲೈನ್‌ನಲ್ಲಿ 71. ವಿಟಮಿನ್‌ನಲ್ಲಿ 69 ಇರಬೇಕು. ಮರಿ ಕೊಲ್ಲುತ್ತಿದ್ದುದು ವಿಟಮಿನ್ ಅಲ್ಲ, ನನ್ನ ಕೈ. ಅಲ್ಲಿಯವರೆಗೆ ಮೂರು ತಿಂಗಳು ಸುಮ್ನೆ ಡೋಸ್ ಜೊತೆ ಗುದ್ದಾಡಿದ್ದೆ.

ಕೈಯಲ್ಲಿ ಏನು ತಪ್ಪು ಎಂದು ಒಂದೊಂದಾಗಿ ಹುಡುಕಿದೆ.

ದೊಡ್ಡ ತಪ್ಪು ದಿನದ ಲೆಕ್ಕದಲ್ಲಿತ್ತು. ಮೊಟ್ಟೆಯನ್ನು ಸಂಜೆ ಇಟ್ಟು, ಇಟ್ಟ ದಿನವನ್ನೇ ಒಂದು ಎಂದು ಎಣಿಸಿ, 18ನೇ ದಿನ ಬೆಳಿಗ್ಗೆ ಚುಚ್ಚುತ್ತಿದ್ದೆ. ಗಂಟೆ ಲೆಕ್ಕ ಹಾಕಿದರೆ ಅದು ಹದಿನಾರೂವರೆ ದಿನ. ಆಗ ಮರಿ ಇನ್ನೂ ಅಷ್ಟು ಬಲಿತಿರುವುದಿಲ್ಲ, ಸೂಜಿ ರಕ್ತನಾಳಕ್ಕೆ ತಗಲುವುದೂ ಜಾಸ್ತಿ. ಈಗ ಹಲಗೆಯ ಮೇಲೆ ಗಂಟೆ ಬರೆಯುತ್ತೇನೆ. 18 ದಿನ ಪೂರ್ತಿ ಮುಗಿದ ಮೇಲೆ, ಸೆಟ್ಟರ್‌ನಿಂದ ಹ್ಯಾಚರ್‌ಗೆ ಬದಲಾಯಿಸುವಾಗಲೇ ಚುಚ್ಚುವುದು. 19 ದಾಟಿದರೆ ಕೊಕ್ಕು ಮೊಟ್ಟೆಯ ದಪ್ಪ ತುದಿಯಲ್ಲಿರುವ ಗಾಳಿಚೀಲಕ್ಕೆ ಬಂದುಬಿಡುತ್ತದೆ, ಆಗ ಬಿಟ್ಟುಬಿಡಿ.

ಇನ್ನೊಂದು, ತಣ್ಣನೆ ಮದ್ದು. ಫ್ರಿಜ್‌ನಿಂದ ತೆಗೆದ ಬಾಟಲಿಯನ್ನೇ ಬಳಸುತ್ತಿದ್ದೆ. 99.5 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಬೆಚ್ಚಗೆ ಇರುವ ಮರಿಯ ಮೈಗೆ ಐಸ್ ನೀರು ಬಿಟ್ಟ ಹಾಗೆ. ಈಗ ಬಾಟಲಿಯನ್ನು ಒಂದು ಗಂಟೆ ಮೊದಲೇ ಬಿಸಿನೀರಿನ ಪಾತ್ರೆಯಲ್ಲಿ ಇಟ್ಟು, ಥರ್ಮಾಮೀಟರ್ ನೋಡಿಯೇ ತೆಗೆಯುತ್ತೇನೆ. ಟ್ರೇ ಹೊರಗಿರುವುದು ಹತ್ತು ನಿಮಿಷ. ಆ ಹತ್ತು ನಿಮಿಷ ಕೋಣೆಯಲ್ಲಿ ಹೀಟರ್ ಉರಿಯುತ್ತಿರುತ್ತದೆ.

ಮೂರನೆಯದು ಹೇಳಲು ಬೇಜಾರು. ಒಂದೇ ಸೂಜಿಯಲ್ಲಿ ಇಡೀ ಟ್ರೇ ಮುಗಿಸುತ್ತಿದ್ದೆ. ಒಂದು ಮೊಟ್ಟೆಯ ಕೊಳೆ ನೂರಕ್ಕೆ ಹೋಗುತ್ತಿತ್ತು. ಒಂದು ಬ್ಯಾಚ್‌ನಲ್ಲಿ ನಾಲ್ಕೈದು ದಿನದ ಮರಿಗಳು ಬಾಯಿ ತೆರೆದು ಏದುಸಿರು ಬಿಡುತ್ತಿದ್ದವು. ಕೊಯ್ದು ನೋಡಿದರೆ ಶ್ವಾಸಕೋಶದಲ್ಲಿ ಬಿಳಿ ಗಂಟು, ಆಸ್ಪರ್ಜಿಲಸ್ ಬೂಸ್ಟು. ಒಡೆಯದೆ ಉಳಿದಿದ್ದ ಮೊಟ್ಟೆಗಳ ಗಾಳಿಚೀಲದಲ್ಲೂ ಹಸಿರು ಬೂಸ್ಟು. ನಾವು ತೂತು ಮಾಡಿದ್ದೇ ಅದಕ್ಕೆ ಬಾಗಿಲಾಗಿತ್ತು. ಆ ಒಂದು ಬ್ಯಾಚ್‌ನಲ್ಲೇ ಹದಿನೈದು ಸಾವಿರದ ನಷ್ಟ. ಈಗ ಚಿಪ್ಪು ತೂತು ಮಾಡಲು ಒಂದು ದಪ್ಪ ಸೂಜಿ, ಮದ್ದಿಗೆ ಬೇರೆ 22 ಗೇಜ್ ಸೂಜಿ. ಐದೈದು ಮೊಟ್ಟೆಗೆ ಸೂಜಿ ಬದಲು. ಮೊಟ್ಟೆಯ ದಪ್ಪ ತುದಿಯನ್ನು ಮೊದಲು ಒರೆಸುತ್ತೇವೆ, ಕೊನೆಗೆ ತೂತು ಮುಚ್ಚುತ್ತೇವೆ. ಮೇಣ ಹಾಕುವವರಿದ್ದಾರೆ, ನಾನು ಬೇರೆ ಒಂದು ಹಾಕುತ್ತೇನೆ. ಅದು ಏನು ಎಂದು ಸದ್ಯಕ್ಕೆ ಹೇಳುವುದಿಲ್ಲ. ಈಗ ವಿಟಮಿನ್ ಇ ಜೊತೆ ವಿಟಮಿನ್ ಸಿಯನ್ನೂ ಹಾಕುತ್ತೇನೆ, ಎರಡನ್ನೂ ಒಟ್ಟಿಗೆ ಬೆರೆಸುವ ಕ್ರಮವೂ ನನ್ನ ಹತ್ತಿರವೇ ಇರಲಿ. ಒಂದು ಸುಳಿವು ಕೊಡುತ್ತೇನೆ. ಸಿ ಬೆರೆಸಿದರೆ ಮದ್ದು ಹುಳಿಯಾಗುತ್ತದೆ, ಆ ಹುಳಿ ಮುರಿಯದೆ ಹಾಕಬೇಡಿ. ಬೆರೆಸಿದ್ದನ್ನು ಮರುದಿನಕ್ಕೆ ಇಡಲೂ ಬೇಡಿ, ಬೆಳಕು ಗಾಳಿಗೆ ಸಿ ಬೇಗ ಹಾಳಾಗುತ್ತದೆ. ಮಾತ್ರೆ ಪುಡಿ ಮಾಡಿ ಹಾಕುವುದು ದಂಡ. ಅದರಲ್ಲಿರುವ ಸುಣ್ಣದಂಥ ಪುಡಿ ಸೂಜಿ ಕಟ್ಟಿಸುತ್ತದೆ.

ಒಂದು ಮೊಟ್ಟೆಗೆ ಅರ್ಧ ಎಂಎಲ್ ದಾಟಿಸುವುದಿಲ್ಲ. ಸಿ ಮೂರು ಮಿಲಿಗ್ರಾಂ ಸುತ್ತಮುತ್ತ. ಸೂಜಿ ಒಂದು ಇಂಚು, ನೇರ ಕೆಳಗೆ. ಕ್ಯಾಂಡ್ಲಿಂಗ್ ಮಾಡಿ, ಅಂದರೆ ಬೆಳಕಿಗೆ ಹಿಡಿದು ನೋಡಿ, ಮರಿಯಿಲ್ಲದ ಮೊಟ್ಟೆ ತೆಗೆದು, ಗಾಳಿಚೀಲಕ್ಕೆ ಪೆನ್ಸಿಲ್ ಗುರುತು ಹಾಕಿದ ಮೇಲೆಯೇ ಕೆಲಸ. ನನ್ನ ಹೆಂಡತಿಯ ಕೈ ನನಗಿಂತ ಸ್ಥಿರ. ಅವಳು ಗಂಟೆಗೆ ಮುನ್ನೂರು ಮುಗಿಸುತ್ತಾಳೆ. ಅವಳು ಚುಚ್ಚಿದ ಟ್ರೇಯಲ್ಲಿ ಮುಟ್ಟದ ಮೊಟ್ಟೆಗಿಂತ ನೂರಕ್ಕೆ ಒಂದು ಮರಿ ಕಡಿಮೆ, ಅಷ್ಟೇ.

ನಡುವೆ ಬೇರೆ ಆಟಗಳನ್ನೂ ಆಡಿದೆ. ಸೂಜಿಯ ಗೋಜೇ ಬೇಡ ಎಂದು ಇಡುವ ಮೊದಲೇ ಮೊಟ್ಟೆಯನ್ನು ಸಿ ನೀರಿನಲ್ಲಿ ಅದ್ದಿದೆ. ಚಿಪ್ಪಿನ ಮೇಲಿನ ಪೊರೆ ನೆನೆದು ಕೊಳೆ ಒಳಗೆ ಹೋಯಿತು, ಸೆಟ್ಟರ್‌ನಲ್ಲೇ ಮೊಟ್ಟೆ ಪಟ್ ಎಂದು ಸಿಡಿದು ಮೂರು ದಿನ ನಾತ. ಬಿ ಕಾಂಪ್ಲೆಕ್ಸ್ ಹಾಕಿ ನೋಡಿದೆ, ನನಗೆ ವ್ಯತ್ಯಾಸ ಕಾಣಲಿಲ್ಲ. ಎ ಸೇರಿಸಿದ್ದನ್ನು ನಿಲ್ಲಿಸಿಬಿಟ್ಟೆ, ಎ ಜಾಸ್ತಿಯಾದರೆ ಇ ಮೈಗೆ ಹತ್ತಲು ಬಿಡುವುದಿಲ್ಲ. ನಾಟಿ ಕೋಳಿಯ ಮೊಟ್ಟೆ ಒಂದಿಷ್ಟಕ್ಕೂ ಚುಚ್ಚಿದೆ. ಮೊಟ್ಟೆ ಚಿಕ್ಕದು, ಒಂದು ಇಂಚಿನ ಸೂಜಿ ಮರಿಗೇ ತಗಲಿತು. ಅದಕ್ಕೆ ಮುಕ್ಕಾಲು ಇಂಚು ಸಾಕು.

ಈಗ ದುಡ್ಡಿನ ಲೆಕ್ಕ. ಮದ್ದು, ಸೂಜಿ, ಕೂಲಿ ಸೇರಿ ಒಂದು ಮೊಟ್ಟೆಗೆ ಒಂದು ರೂಪಾಯಿ ಹತ್ತು ಪೈಸೆ ಬೀಳುತ್ತದೆ. ಕಳೆದ ಜನವರಿಯಲ್ಲಿ ನಮ್ಮ ಶೆಡ್‌ನಲ್ಲಿ ಮೊದಲ ವಾರದ ಸಾವು ನೂರಕ್ಕೆ ಒಂದೂವರೆ. ಅದರ ಹಿಂದಿನ ಜನವರಿಯಲ್ಲಿ ಐದು ದಾಟಿತ್ತು. ಸಾಯದೆ ಉಳಿದ ಮರಿಯ ಬೆಲೆ ಮಾತ್ರ ಹಿಡಿದರೆ ಖರ್ಚಿಗೂ ಅದಕ್ಕೂ ಸರಿಹೋಗುತ್ತದೆ, ಜಾಸ್ತಿ ಏನೂ ಮಿಗುವುದಿಲ್ಲ. ಲಾಭ ಇರುವುದು ಆಮೇಲೆ. ಏಳನೇ ದಿನದ ತೂಕ 165 ಗ್ರಾಂ ಇದ್ದದ್ದು 185ರ ಹತ್ತಿರ ಬಂತು. ಮೊದಲ ವಾರದ ಔಷಧಿ ಬಿಲ್ಲು ಎರಡೂವರೆ ಸಾವಿರದಿಂದ ಸಾವಿರದ ಒಳಗೆ ಇಳಿಯಿತು. ಎಫ್‌ಸಿಆರ್, ಅಂದರೆ ಒಂದು ಕೆಜಿ ತೂಕ ಬರಲು ತಿನ್ನುವ ಫೀಡ್, 1.75 ಕೆಜಿ ಇದ್ದದ್ದು 1.66. ಮಾರಾಟಕ್ಕೆ ಕೋಳಿ ಹಿಡಿಯುವ ಲಿಫ್ಟಿಂಗ್ ದಿನ ಕೋಳಿಗಳೆಲ್ಲ ಒಂದೇ ಸೈಜ್. ಬೆಂಗಳೂರಿನ ಅಂಗಡಿಯವರು ಅದನ್ನೇ ಕೇಳುವುದಲ್ವಾ. ಹೊರಗೆ ಮಾರುವ ಮರಿಗೆ ಒಂದೂವರೆ ರೂಪಾಯಿ ಜಾಸ್ತಿ ಹೇಳುತ್ತೇನೆ, ಚೌಕಾಸಿ ಮಾಡದೆ ಕೊಡುತ್ತಾರೆ.

ಎಲ್ಲ ಬ್ಯಾಚ್‌ಗೂ ಇದು ಬೇಕಿಲ್ಲ. ಎಳೆಯ ಕೋಳಿಯ ತಾಜಾ ಮೊಟ್ಟೆ ಸಿಕ್ಕಾಗ ನಾನು ಚುಚ್ಚುವುದಿಲ್ಲ. ಒಮ್ಮೆ ಚುಚ್ಚಿ ನೋಡಿದ್ದೆ, ಏನೂ ಫರಕಿರಲಿಲ್ಲ. ಹಳೆ ಮೊಟ್ಟೆ, ಚಳಿಗಾಲ, ದೂರದಿಂದ ಬಂದ ಲೋಡ್, ಇಷ್ಟಕ್ಕೆ ಮಾತ್ರ.

ಚಿಕ್ಕಪ್ಪ ಮೊನ್ನೆ ಬಂದಿದ್ದರು. ಬ್ರೂಡರ್ ಹತ್ತಿರ ತುಂಬಾ ಹೊತ್ತು ಕೂತು, ಒಂದು ಮರಿಯನ್ನು ಅಂಗಾತ ಹಿಡಿದು ಹೊಕ್ಕುಳು ನೋಡಿದರು. "ಚೆನ್ನಾಗಿ ಒಣಗಿದೆ ಕಣೋ" ಎಂದರು. ಅವರ ಬಾಯಿಂದ ಅಷ್ಟು ಬರುವುದೇ ದೊಡ್ಡದು. ಬರುವ ಗುರುವಾರ ರಾತ್ರಿ ಎಂಟಕ್ಕೆ ಮುಂದಿನ ಲೋಡ್‌ಗೆ 18 ದಿನ ತುಂಬುತ್ತದೆ. ಅದರಲ್ಲಿ 200 ಮೊಟ್ಟೆಗೆ ವಿಟಮಿನ್ ಡಿ3 ಸೇರಿಸಿ, ಕಾಲಿನ ಬಲ ನೋಡಬೇಕೆಂದಿದ್ದೇನೆ. ಪಕ್ಕದ ಟ್ರೇಯಲ್ಲಿ 200 ಬರೀ ಸಲೈನ್, ಇನ್ನೊಂದರಲ್ಲಿ ಮುಟ್ಟದ 200.