ಟರ್ಕಿಯ ಪ್ರೇಮಭಂಗದ ಸಿನಿಮಾ: ನೋಡುವ ಕ್ರಮ

ಟರ್ಕಿಯ ಕಥೆಗಳು ಇಂದು ಹೆಚ್ಚಿನ ಪ್ರೇಕ್ಷಕರಿಗೆ ಪರಿಚಯವಾಗುವುದು ಅಲ್ಲಿನ ಧಾರಾವಾಹಿಗಳ ಮೂಲಕ. ಅಲ್ಲಿನ ವಾಹಿನಿಗಳಲ್ಲಿ ಒಂದು ಕಂತು ಎರಡು ಗಂಟೆ ದಾಟುವುದು ಸಾಮಾನ್ಯ. ಒಂದು ಅನುಮಾನ, ಒಂದು ಮುನಿಸು ವಾರಗಟ್ಟಲೆ ಬೆಳೆಯುತ್ತ ಹೋಗುತ್ತದೆ, ನಾಯಕ ನಾಯಕಿಯರು ಒಂದಾಗುವರೋ ಇಲ್ಲವೋ ಎಂಬ ಕುತೂಹಲವೇ ನೋಡುಗರನ್ನು ಹಿಡಿದಿಡುತ್ತದೆ. ಅದೇ ಕುತೂಹಲ ಹೊತ್ತು ಟರ್ಕಿಯ ಪ್ರೇಮಭಂಗದ ಸಿನಿಮಾ ನೋಡಲು ಕುಳಿತವರು ಬೇಗ ನಿರಾಶರಾಗುತ್ತಾರೆ. ಈ ಬಗೆಯ ಸಿನಿಮಾಗಳಲ್ಲಿ ಉತ್ತಮವಾದವು ಜೋಡಿ ಕೂಡುವುದಕ್ಕಿಂತ, ಜೋಡಿ ಒಡೆದ ಮೇಲೆ ಉಳಿದವರು ದಿನಗಳನ್ನು ಹೇಗೆ ಕಳೆಯುತ್ತಾರೆ, ಯಾವ ಕೆಲಸಕ್ಕೆ ಕೈ ಹಾಕುತ್ತಾರೆ, ಯಾರ ಮನೆಯಲ್ಲಿ ನಿಲ್ಲುತ್ತಾರೆ ಎಂಬುದನ್ನೇ ಹೆಚ್ಚು ಗಮನವಿಟ್ಟು ತೋರಿಸುತ್ತವೆ. ಆದ್ದರಿಂದ ಅಗಲಿಕೆಯ ದೃಶ್ಯ ಮುಗಿದ ಕೂಡಲೇ ಕಥೆ ಸಡಿಲವಾಯಿತೆಂದು ಎದ್ದುಹೋಗಬಾರದು. ನೋಡಬೇಕಾದ್ದು ಅಲ್ಲಿಂದಲೇ ಶುರುವಾಗುತ್ತದೆ.

ಮೊದಲ ಸಿನಿಮಾ ಯಾವುದಾಗಬೇಕು ಎಂದು ಕೇಳಿದರೆ, 1970ರ ದಶಕದ ಕೊನೆಯಲ್ಲಿ ಅತಿಫ್ ಯಿಲ್ಮಾಜ್ ನಿರ್ದೇಶಿಸಿದ ‘ಸೆಲ್ವಿ ಬೋಯ್ಲುಮ್ ಅಲ್ ಯಾಜ್ಮಾಲಿಮ್’ ಎಂದು ಯಾವ ಹಿಂಜರಿಕೆಯೂ ಇಲ್ಲದೆ ಹೇಳುತ್ತೇನೆ. ಇಸ್ತಾನ್‌ಬುಲ್‌ನ ಬೆಯೋಲು ಪ್ರದೇಶದ ಒಂದು ಬೀದಿಯ ಹೆಸರಿನಿಂದ ‘ಯೆಶಿಲ್‌ಚಾಮ್’ ಎಂದೇ ಕರೆಸಿಕೊಂಡ ಹಳೆಯ ಟರ್ಕಿ ಚಿತ್ರೋದ್ಯಮ, 1970ರ ದಶಕದ ಆರಂಭದಲ್ಲಿ ವರ್ಷಕ್ಕೆ ಸುಮಾರು 300 ಚಿತ್ರಗಳನ್ನು ತಯಾರಿಸುತ್ತಿತ್ತು. ಬಡ ಹುಡುಗಿ, ಸಿರಿವಂತ ಹುಡುಗ, ಅಪಾರ್ಥ, ಕಾಯಿಲೆ, ಕೊನೆಗೆ ಕಣ್ಣೀರು ಎಂಬ ಸಿದ್ಧ ಅಚ್ಚಿನಲ್ಲಿ ಎರಕ ಹೊಯ್ದ ಚಿತ್ರಗಳೇ ಅವುಗಳಲ್ಲಿ ಬಹಳ. ಅದೇ ಉದ್ಯಮದ ಒಳಗಿನಿಂದ, ಅದೇ ತಾರೆಯರನ್ನು ಇಟ್ಟುಕೊಂಡು, ಆ ಅಚ್ಚನ್ನು ಮುರಿದ ಚಿತ್ರವಿದು. ಕಥೆಯ ಮೂಲ ಕಿರ್ಗಿಜ್ ಲೇಖಕ ಚಿಂಗಿಜ್ ಐತ್ಮಾತೊವ್ ಅವರ ಕಿರುಕಾದಂಬರಿ.

ಈ ಚಿತ್ರದ ಕಥೆಯನ್ನು ಮೊದಲೇ ತಿಳಿದು ನೋಡಿದರೂ ನಷ್ಟವಿಲ್ಲ, ಹಾಗಾಗಿ ಇಲ್ಲಿಯೇ ಹೇಳುತ್ತೇನೆ. ಲಾರಿ ಚಾಲಕ ಇಲ್ಯಾಸ್ ಕೆಂಪು ಸ್ಕಾರ್ಫಿನ ಹಳ್ಳಿ ಹುಡುಗಿ ಆಸ್ಯಾಳನ್ನು ಮೆಚ್ಚಿ ಮದುವೆಯಾಗುತ್ತಾನೆ, ಸಾಮೆತ್ ಎಂಬ ಮಗ ಹುಟ್ಟುತ್ತಾನೆ; ಕೆಲಸದಲ್ಲಿ ಏಟು ಬಿದ್ದಾಗ ಇಲ್ಯಾಸ್ ಕುಡಿತಕ್ಕೂ ಇನ್ನೊಬ್ಬ ಹೆಣ್ಣಿನ ಸಂಗಕ್ಕೂ ಜಾರುತ್ತಾನೆ. ಕೂಸನ್ನು ಎತ್ತಿಕೊಂಡು ಮನೆ ಬಿಟ್ಟ ಆಸ್ಯಾಳಿಗೆ ಆಸರೆ ಕೊಡುವವನು ರಸ್ತೆ ದುರಸ್ತಿಯ ಕೆಲಸದ ಜೆಮ್ಶಿತ್. ವರ್ಷಗಳ ಮೇಲೆ ಇಲ್ಯಾಸ್ ಮರಳಿ ಬಂದಾಗ ಅವಳ ಮುಂದೆ ಇಬ್ಬರು ನಿಲ್ಲುತ್ತಾರೆ: ಹೃದಯ ಇಂದಿಗೂ ಮಿಡಿಯುವ ಮೊದಲ ಗಂಡ, ಮತ್ತು ಸದ್ದಿಲ್ಲದೆ ಮಗುವನ್ನು ಸಾಕಿದ ಮನುಷ್ಯ. ಆಸ್ಯಾ ಆರಿಸಿಕೊಳ್ಳುವುದು ಎರಡನೆಯವನನ್ನು. ಇಲ್ಯಾಸ್‌ನ ಪಾತ್ರದಲ್ಲಿರುವವರು ಆ ಕಾಲದ ದೊಡ್ಡ ನಾಯಕನಟ ಕಾದಿರ್ ಇನಾನಿರ್ ಎಂಬುದನ್ನು ನೆನಪಿಟ್ಟುಕೊಂಡರೆ, ಆ ಆಯ್ಕೆ ಅಂದಿನ ಪ್ರೇಕ್ಷಕರಿಗೆ ಎಷ್ಟು ಅನಿರೀಕ್ಷಿತವಾಗಿರಬೇಕು ಎಂಬುದು ಅರ್ಥವಾಗುತ್ತದೆ.

ಈ ಚಿತ್ರ ನೋಡುವಾಗ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು, ಆಸ್ಯಾಳ ಮನಸ್ಸಿನ ಮಾತು. ಆಸ್ಯಾಳಾಗಿ ನಟಿಸಿದ ತುರ್ಕಾನ್ ಶೊರಾಯ್ ಅವರ ಮುಖ ಪರದೆಯ ತುಂಬ ನಿಂತಿರುವಾಗ ಹಿನ್ನೆಲೆಯಲ್ಲಿ ಆ ಸ್ವಗತ ಕೇಳುತ್ತದೆ. ಮೊದಮೊದಲು ಅದು ಇಲ್ಯಾಸ್‌ನ ಕುರಿತು ಮಾತ್ರ ಆಡುತ್ತದೆ, ಕೊನೆಕೊನೆಗೆ ಪ್ರೀತಿ ಎಂದರೆ ಏನು ಎಂದು ತನ್ನನ್ನೇ ಕೇಳಿಕೊಂಡು, ದುಡಿಮೆಯೇ ಪ್ರೀತಿ ಎಂಬ ಉತ್ತರಕ್ಕೆ ಬಂದು ನಿಲ್ಲುತ್ತದೆ. ಎರಡನೆಯದು, ಸಾಮೆತ್ ಯಾರನ್ನು ಅಪ್ಪ ಎಂದು ಕರೆಯುತ್ತಾನೆ ಎಂಬುದು. ಆಸ್ಯಾಳ ತೀರ್ಮಾನಕ್ಕೆ ಆ ಕೂಗೇ ತಳಪಾಯ; ಜಾಹಿತ್ ಬೆರ್ಕಾಯ್ ಅವರ ಸಂಗೀತದ ಅಲೆಯಲ್ಲಿ ತೇಲಿಹೋಗಿ ಆ ಮಗುವನ್ನು ಮರೆತರೆ ಅಂತ್ಯ ಬರಿಯ ತ್ಯಾಗದ ಹಾಗೆ ಕಾಣುತ್ತದೆ. ಅದು ತ್ಯಾಗವಲ್ಲ. ಅವಳು ಕಣ್ಣು ತೆರೆದುಕೊಂಡೇ ಮಾಡಿದ ಆಯ್ಕೆ.

ಎರಡನೆಯ ಸಿನಿಮಾವಾಗಿ ಅದೇ ನಿರ್ದೇಶಕ, ಅದೇ ನಟಿ 1982ರಲ್ಲಿ ಮಾಡಿದ ‘ಮಿನೆ’ಯನ್ನು ಇಟ್ಟುಕೊಳ್ಳಬಹುದು. ಪ್ರೀತಿಯಿಲ್ಲದ ಮದುವೆಯಲ್ಲಿ ಸಿಕ್ಕಿಕೊಂಡ, ಸಣ್ಣ ಊರಿನ ಸ್ಟೇಷನ್ ಮಾಸ್ಟರ್‌ನ ಹೆಂಡತಿಯ ಕಥೆ ಅದು. ಊರಿನ ಗಂಡಸರ ಕಣ್ಣು ಮತ್ತು ಊರಿನ ಬಾಯಿ ಎರಡೂ ಅವಳ ಬೆನ್ನ ಹಿಂದೆಯೇ ಇರುತ್ತವೆ. ಇಂಥ ಹಳೆಯ ಚಿತ್ರಗಳನ್ನು ನೋಡುವ ಮುನ್ನ ಅಂದಿನ ಕಾನೂನನ್ನು ಒಂದಿಷ್ಟು ತಿಳಿದಿರಬೇಕು. 1926ರ ನಾಗರಿಕ ಸಂಹಿತೆಯ ಪ್ರಕಾರ ಗಂಡನೇ ಕುಟುಂಬದ ಯಜಮಾನ. ಹೆಂಡತಿ ಹೊರಗೆ ದುಡಿಯಬೇಕಾದರೆ ಗಂಡನ ಒಪ್ಪಿಗೆ ಬೇಕೆಂಬ ವಿಧಿಯನ್ನು ಅಲ್ಲಿನ ಸಂವಿಧಾನ ನ್ಯಾಯಾಲಯ ರದ್ದುಮಾಡಿದ್ದು 1990ರಲ್ಲಿ, ಯಜಮಾನಿಕೆಯ ಪಟ್ಟ ಕಳಚಿದ್ದು 2002ರಲ್ಲಿ ಹೊಸ ಸಂಹಿತೆ ಜಾರಿಗೆ ಬಂದಾಗ. ಹೆಣ್ಣೊಬ್ಬಳು ಬಾಗಿಲು ದಾಟಿ ಹೋಗುವ ದೃಶ್ಯವನ್ನು ಈ ತಿಳಿವಳಿಕೆಯೊಂದಿಗೆ ನೋಡಿದಾಗ, ಇವಳು ಇಷ್ಟು ದಿನ ಏಕೆ ಸುಮ್ಮನಿದ್ದಳು ಎಂದು ದೂರುವ ಮನಸ್ಸಾಗುವುದಿಲ್ಲ. ಅಂದಹಾಗೆ, ಯೆಶಿಲ್‌ಚಾಮ್ ಕಾಲದ ಚಿತ್ರಗಳ ಮಾತುಗಳನ್ನು ಸಾಮಾನ್ಯವಾಗಿ ಚಿತ್ರೀಕರಣದ ನಂತರ ಸ್ಟುಡಿಯೋದಲ್ಲಿ ಡಬ್ ಮಾಡುತ್ತಿದ್ದರು, ಹಲವು ಸಲ ಬೇರೆಯವರ ಕಂಠದಲ್ಲಿ. ತುಟಿಗೂ ದನಿಗೂ ತಾಳೆಯಾಗದಿದ್ದರೆ ಅದು ಪ್ರತಿಯ ದೋಷವೆಂದು ಬದಿಗಿಡಬಾರದು.

ಇನ್ನು ಸನ್ನೆಗಳು. ಸಬ್‌ಟೈಟಲ್ ಓದುವ ಭರದಲ್ಲಿ ಎಲ್ಲರೂ ಕಳೆದುಕೊಳ್ಳುವುದು ಇವನ್ನೇ, ಮತ್ತು ಈ ಸಿನಿಮಾಗಳಲ್ಲಿ ಮುಖ್ಯವಾದ ಮಾತುಗಳು ಬಾಯಿಯಿಂದ ಬರುವುದು ಕಡಿಮೆ. ಟರ್ಕಿಯಲ್ಲಿ ‘ಇಲ್ಲ’ ಎನ್ನಲು ತಲೆಯನ್ನು ಅಡ್ಡಡ್ಡ ಆಡಿಸಲೇಬೇಕೆಂದಿಲ್ಲ. ಗಲ್ಲವನ್ನು ತುಸು ಮೇಲಕ್ಕೆತ್ತಿ, ಹುಬ್ಬು ಏರಿಸಿ, ಕೆಲವೊಮ್ಮೆ ನಾಲಿಗೆಯಿಂದ ಲೊಚಗುಟ್ಟಿದರೆ ಸಾಕು, ನಿರಾಕರಣೆ ಪೂರ್ತಿಯಾಯಿತು. ‘ಮತ್ತೆ ಬರುತ್ತೀಯಾ’ ಎಂಬ ಪ್ರಶ್ನೆಗೆ ಒಬ್ಬಳು ಮಾತಿಲ್ಲದೆ ಹುಬ್ಬನ್ನಷ್ಟೇ ಏರಿಸಿದಾಗ, ಅವಳು ಯೋಚಿಸುತ್ತಿದ್ದಾಳೆ ಅಥವಾ ಒಪ್ಪಿದ್ದಾಳೆ ಎಂದು ತಿಳಿಯುವ ಪ್ರೇಕ್ಷಕರಿಗೆ ಮುಂದಿನ ಹತ್ತು ನಿಮಿಷವೂ ಗೋಜಲು. ಉಂಗುರದ ಕೈಯನ್ನೂ ನೋಡಬೇಕು: ಸಂಪ್ರದಾಯದಂತೆ ನಿಶ್ಚಿತಾರ್ಥದ ಉಂಗುರ ಬಲಗೈಯಲ್ಲಿರುತ್ತದೆ, ಮದುವೆಯಾದ ಮೇಲೆ ಎಡಗೈಗೆ ಬರುತ್ತದೆ. ಹೊರಟವರ ಬೆನ್ನಿಗೆ ಮನೆಯವರು ನೀರು ಚೆಲ್ಲುವುದು, ನೀರಿನಂತೆ ಸರಾಗವಾಗಿ ಹೋಗಿ ನೀರಿನಂತೆಯೇ ಮರಳಿ ಬರಲಿ ಎಂಬ ಹಾರೈಕೆ. ಆದ್ದರಿಂದ ಯಾರೂ ನೀರು ಚೆಲ್ಲದೆ ಒಬ್ಬರು ಊರು ಬಿಟ್ಟರೆ ಆ ಕೊರತೆಯೂ ಒಂದು ಮಾತೇ. ಹೆಣ್ಣು ಕೇಳಲು ಗಂಡಿನ ಕಡೆಯವರು ಬಂದಾಗ ಕಾಫಿ ತಂದುಕೊಡುವವಳು ಹುಡುಗಿ, ಹುಡುಗನ ಲೋಟಕ್ಕೆ ಉಪ್ಪು ಬೆರೆಸುವ ತಮಾಷೆಯೂ ಉಂಟು. ಅಂಥ ದೃಶ್ಯದಲ್ಲಿ ಎಲ್ಲರೂ ನಗುವಾಗ ಅವಳು ನಗುತ್ತಿದ್ದಾಳೆಯೇ ಎಂದು ನೋಡಿಕೊಳ್ಳಿ.

ಊರುಗಳ ವಿಷಯಕ್ಕೆ ಬಂದರೆ, ಇಸ್ತಾನ್‌ಬುಲ್ ಎರಡು ಖಂಡಗಳ ಮೇಲೆ ಹರಡಿಕೊಂಡ ನಗರ ಎಂಬುದು ಕಥೆಗೆ ನೇರವಾಗಿ ಬೇಕಾಗುವ ಸಂಗತಿ. ಏಷ್ಯಾ ದಡದ ಕಾದಿಕೋಯ್‌ನಿಂದ ಯೂರೋಪ್ ದಡದ ಕರಾಕೋಯ್ ಅಥವಾ ಬೆಶಿಕ್ತಾಶ್‌ಗೆ ಫೆರಿ ದೋಣಿಯಲ್ಲಿ ಹೋಗುವ ಸಮಯ ಇಪ್ಪತ್ತು ನಿಮಿಷದ ಆಸುಪಾಸು; ಮಾತು ಮುಗಿಯದ ಜೋಡಿಗಳನ್ನೂ, ಒಂಟಿಯಾದವರನ್ನೂ ನಿರ್ದೇಶಕರು ಅಲ್ಲಿ ಕೂರಿಸುವುದು ಸುಮ್ಮನೆ ಅಲ್ಲ, ಆ ಹೊತ್ತಿನಲ್ಲಿ ಎದ್ದುಹೋಗಲು ಯಾರಿಗೂ ಜಾಗವಿರುವುದಿಲ್ಲ. ಹಳೆಯ ಚಿತ್ರಗಳಲ್ಲಿ ಹಳ್ಳಿಯಿಂದ ಬಂದವರು ಹೈದರ್‌ಪಾಶಾ ರೈಲು ನಿಲ್ದಾಣದ ಮೆಟ್ಟಿಲ ಮೇಲೆ ನಿಂತು ಎದುರಿನ ನಗರವನ್ನು ನೋಡುವ ದೃಶ್ಯ ಮತ್ತೆ ಮತ್ತೆ ಬರುತ್ತದೆ, ಏಕೆಂದರೆ ಟರ್ಕಿಯ ಏಷ್ಯಾ ಭಾಗವಾದ ಅನಾತೋಲಿಯದ ರೈಲುಗಳು ಬಂದು ನಿಲ್ಲುತ್ತಿದ್ದದ್ದು ಅಲ್ಲಿಯೇ.

ಹಾಡುಗಳನ್ನು ಕಥೆಯ ನಡುವಿನ ಬಿಡುವು ಎಂದು ಭಾವಿಸಬಾರದು. 2008ರಲ್ಲಿ ಚಾಆನ್ ಇರ್ಮಾಕ್ ನಿರ್ದೇಶಿಸಿದ ‘ಇಸ್ಸಿಜ್ ಆದಮ್’ ಚಿತ್ರದ ನಾಯಕ ಆಲ್ಪೆರ್ ಸ್ವಂತ ರೆಸ್ಟೋರೆಂಟ್ ನಡೆಸುವ ಬಾಣಸಿಗ, ಹಳೆಯ ಗ್ರಾಮಫೋನ್ ರೆಕಾರ್ಡುಗಳ ಮೋಹಿ. ತನಗೆ ಒಲಿದು ಬಂದ ಆದಾಳನ್ನು, ತನ್ನ ಒಳಗಿನ ಅಂಜಿಕೆಗೇ ಸೋತು ಅವನು ದೂರ ಮಾಡುತ್ತಾನೆ. ತೀರಿಕೊಂಡು ವರ್ಷಗಳಾಗಿದ್ದ ಗಾಯಕಿ ಆಯ್ಲಾ ದಿಕ್ಮೆನ್ ಅವರ ಹಳೆಯ ಹಾಡೊಂದು ಈ ಚಿತ್ರದಿಂದಾಗಿ ಟರ್ಕಿಯಲ್ಲಿ ಮತ್ತೆ ಎಲ್ಲರ ಬಾಯಲ್ಲಿ ಬಂತು. ಆಲ್ಪೆರ್ ರೆಕಾರ್ಡುಗಳನ್ನು ಜೋಪಾನವಾಗಿ ಹಿಡಿಯುವ ರೀತಿಯನ್ನೂ, ಎದುರಿಗಿರುವ ಹುಡುಗಿಯೊಂದಿಗೆ ನಡೆದುಕೊಳ್ಳುವ ರೀತಿಯನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಅವನ ಕೊರತೆ ಏನೆಂದು ಯಾರೂ ವಿವರಿಸಬೇಕಾಗಿಲ್ಲ. ಊರಿನಿಂದ ತಾಯಿ ಬಂದು ಉಳಿಯುವ ಭಾಗವನ್ನು ಕೆಲವರು ಓಡಿಸಿಬಿಡುತ್ತಾರೆ. ನನ್ನ ಮಟ್ಟಿಗೆ ಚಿತ್ರದ ಜೀವ ಇರುವುದು ಅಲ್ಲಿಯೇ.

ನೂರಿ ಬಿಲ್ಗೆ ಜೆಯ್ಲಾನ್ ಅವರ ‘ಇಕ್ಲಿಮ್ಲೆರ್’ (2006) ಚಿತ್ರವನ್ನು ಕೊನೆಗೆ ಇಟ್ಟುಕೊಳ್ಳಿ, ಮೊದಲೇ ನೋಡಿದರೆ ಅದರ ಮೌನ ಭಾರವೆನಿಸಬಹುದು. ನಿರ್ದೇಶಕರು ಮತ್ತು ಅವರ ಪತ್ನಿ ಎಬ್ರು ಜೆಯ್ಲಾನ್ ಅವರೇ ಇಲ್ಲಿ ಬೇರೆಯಾಗುವ ಜೋಡಿಯಾದ ಈಸಾ ಮತ್ತು ಬಹಾರ್ ಆಗಿ ನಟಿಸಿದ್ದಾರೆ. ಮೆಡಿಟರೇನಿಯನ್ ದಡದ ಕಾಶ್ ಊರಿನ ಸುಡುವ ಬೇಸಿಗೆಯಲ್ಲಿ ಶುರುವಾಗುವ ಕಥೆ, ಮಳೆಯ ಇಸ್ತಾನ್‌ಬುಲ್ ದಾಟಿ, ಪೂರ್ವದ ಆರಿ ಪ್ರಾಂತ್ಯದ ಹಿಮದಲ್ಲಿ ಮುಗಿಯುತ್ತದೆ. ಬೇರ್ಪಟ್ಟ ಮೇಲೆ ಬಹಾರ್ ದೂರದ ಊರಿನಲ್ಲಿ ಧಾರಾವಾಹಿಯೊಂದರ ಕಲಾ ವಿಭಾಗದ ಕೆಲಸದಲ್ಲಿ ತೊಡಗಿರುತ್ತಾಳೆ. ಈಸಾ ತಾನು ಬದಲಾಗಿದ್ದೇನೆ ಎನ್ನುತ್ತ ಅವಳನ್ನು ಹುಡುಕಿಕೊಂಡು ಹೋಗುತ್ತಾನೆ. ಅವನ ಮಾತನ್ನು ನಂಬುವುದೋ ಬಿಡುವುದೋ ಎಂಬುದನ್ನು ಚಿತ್ರ ಹೇಳುವುದಿಲ್ಲ, ಅವನ ನಡತೆಯನ್ನಷ್ಟೇ ತೋರಿಸುತ್ತದೆ. ತನ್ನನ್ನು ತಾನು ಅರಿಯುವುದು ಇಬ್ಬರಿಗೂ ಒಟ್ಟಿಗೆ ದಕ್ಕುವುದಿಲ್ಲ ಎಂಬುದನ್ನು ಇಷ್ಟು ನಿರ್ದಾಕ್ಷಿಣ್ಯವಾಗಿ ತೋರಿಸಿದ ಪ್ರೇಮಕಥೆಗಳು ಕಡಿಮೆ. ಚಿತ್ರ ಮುಗಿದ ಮೇಲೆ ಆರಂಭದ ದೃಶ್ಯವನ್ನು ಇನ್ನೊಮ್ಮೆ ಹಾಕಿ ನೋಡಿ: ಹಳೆಯ ಅವಶೇಷಗಳ ನಡುವೆ ಈಸಾ ಫೋಟೋ ತೆಗೆಯುತ್ತಿದ್ದಾನೆ, ಬಹಾರ್ ಅವನನ್ನೇ ನೋಡುತ್ತಿದ್ದಾಳೆ, ನೋಡುತ್ತ ನೋಡುತ್ತ ಅವಳ ಕಣ್ಣು ತುಂಬುತ್ತದೆ. ಅಗಲಿಕೆ ಅಲ್ಲಿಗೇ ಆಗಿಹೋಗಿತ್ತು. ಮುಂದೆ ಕಡಲ ದಂಡೆಯಲ್ಲಿ ಅವನು ಆಡುವ ಮಾತು ಅದರ ಪ್ರಕಟಣೆ ಮಾತ್ರ.

ನೋಡುವ ವ್ಯವಸ್ಥೆಯ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಬೇರೆ ಭಾಷೆಗೆ ಡಬ್ ಆದ ಪ್ರತಿಗಿಂತ ಮೂಲ ಧ್ವನಿಯ ಪ್ರತಿ ಮೇಲು, ಏಕೆಂದರೆ ಉಸಿರು ಬಿಗಿಹಿಡಿಯುವುದು, ಮಾತು ಅರ್ಧಕ್ಕೆ ನಿಲ್ಲುವುದು ಇವೆಲ್ಲ ಡಬ್ಬಿಂಗ್‌ನಲ್ಲಿ ಸವೆದುಹೋಗುತ್ತವೆ. ವೇಗ ಹೆಚ್ಚಿಸಿ ನೋಡುವ ಅಭ್ಯಾಸವಿದ್ದವರು ಈ ಚಿತ್ರಗಳ ಮಟ್ಟಿಗಾದರೂ ಅದನ್ನು ಬಿಡಬೇಕು. ಒಂದೇ ಸಂಜೆಗೆ ಎರಡು ಚಿತ್ರಗಳನ್ನು ಇಟ್ಟುಕೊಳ್ಳಬೇಡಿ. ಆಸ್ಯಾಳ ತೀರ್ಮಾನ ಸರಿಯೋ ತಪ್ಪೋ ಎಂದು ಜೊತೆಗೆ ಕುಳಿತು ನೋಡಿದವರೊಂದಿಗೆ ವಾದ ಮಾಡಲು ಒಂದು ರಾತ್ರಿಯಾದರೂ ಬೇಕು.