ಶಿವಾಲಿಕ್ ಗುಂಡುಕಲ್ಲಿನಿಂದ ಸ್ತರಭಂಗದ ವೇಗ: ನನ್ನ ಅನುಭವ

ಸ್ತರಭಂಗ, ಅಂದರೆ ಬಂಡೆಗಳು ಜಾರುವ ನೆಲದ ಸೀಳು, ನದಿ ಬಿಟ್ಟುಹೋದ ಹಳೆಯ ಹಾಸನ್ನು (ಟೆರೇಸ್) ಮೇಲೆತ್ತುತ್ತದೆ. ಆ ಟೆರೇಸಿನ ವಯಸ್ಸು ಸಿಕ್ಕರೆ ಸ್ತರಭಂಗದ ವೇಗ ಸಿಗುತ್ತದೆ. ವಯಸ್ಸಿಗೆ ಎಣಿಸುವುದು ಬೆರಿಲಿಯಂ-10, ಬಯಲಲ್ಲಿರುವ ಕಲ್ಲಿಗೆ ಕಾಸ್ಮಿಕ್ ಕಿರಣ ಬಡಿದು ಹುಟ್ಟುವ ಪರಮಾಣು. ಹಿಮಾಲಯದ ತಪ್ಪಲಿನ ಶಿವಾಲಿಕ್ ಜಲ್ಲಿಯಲ್ಲಿ ಅದನ್ನು ನಂಬಬೇಡಿ, ಅದು ಎರಡೆರಡು ಸಲ ನದಿ ಕಂಡ ಕಲ್ಲು ಎಂದು ಹಲವರು ತಲೆಯಾಡಿಸಿದ್ದರು. ಆಕ್ಷೇಪ ಸರಿಯೇ. ಆದರೆ ಕಲ್ಲು ಮೊದಲೇ ಹೊತ್ತು ತಂದದ್ದನ್ನು ಅಳೆದು ಕಳೆಯಬಹುದು. ಡೆಹ್ರಾಡೂನಿನ ದಕ್ಷಿಣಕ್ಕೆ, ಮೋಹಂಡ್ ಕಡೆಯ ಟೆರೇಸ್‌ನಲ್ಲಿ ನಾವು ಅದನ್ನು ಮಾಡಿ ತೋರಿಸಿದೆವು.

ಎಲ್ಲವೂ ನಿಂತಿರುವುದು ಮಾದರಿಗಾಗಿ ಟೆರೇಸಿನಲ್ಲಿ ತೋಡುವ ಗುಂಡಿಯ ಆಳದ ಮೇಲೆ. ಜಲ್ಲಿಯ ಸಾಂದ್ರತೆ ಘನ ಸೆಂ.ಮೀ.ಗೆ 2 ಗ್ರಾಂ ಎಂದು ಹಿಡಿದರೆ 80 ಸೆಂ.ಮೀ. ಕೆಳಗೆ ಬೆರಿಲಿಯಂ-10ರ ಉತ್ಪಾದನೆ ಮೇಲ್ಮೈಯದರ ಶೇ. 37ಕ್ಕೆ, 2 ಮೀಟರ್ ಕೆಳಗೆ ಸುಮಾರು ಶೇ. 8ಕ್ಕೆ ಇಳಿಯುತ್ತದೆ. ಅಲ್ಲಿ ಸಿಗುವುದರಲ್ಲಿ ಬಹುಪಾಲು ಪಿತ್ರಾರ್ಜಿತ, ಅಂದರೆ ಕಲ್ಲು ಮೊದಲೇ ಹೊತ್ತು ತಂದದ್ದು. ಆಳದೊಡನೆ ಇಳಿಯುವ ವಕ್ರರೇಖೆಯ ಬಾಲ ಇದು. ಒಂದು ಮೀಟರಿಗೇ ಕೈಬಿಟ್ಟ ಗುಂಡಿಗಳಲ್ಲಿ ಈ ಬಾಲವೇ ಕಾಣುವುದಿಲ್ಲ. ಅನುಮಾನ ಹುಟ್ಟಿದ್ದೇ ಅಂಥವುಗಳಿಂದ. ಉಳುಮೆಯಾದ ಮೇಲಿನ 30 ಸೆಂ.ಮೀ. ಬಿಡಿ. ಪ್ರತಿ ಆಳದಲ್ಲೂ ಒಂದೇ ಗಾತ್ರದ ಕ್ವಾರ್ಟ್ಜೈಟ್ ಕಲ್ಲು ನಲವತ್ತಾದರೂ ಬೇಕು. ಪ್ರತಿಯೊಂದರಿಂದಲೂ ಸಮತೂಕದ ಪುಡಿ. ಒಂದೇ ಹಳೆಯ ಕಲ್ಲು ಹೆಚ್ಚು ಪುಡಿ ಕೊಟ್ಟರೆ ಆ ಬಿಂದು ವಕ್ರರೇಖೆಯಿಂದ ಆಚೆ ಜಿಗಿಯುತ್ತದೆ.

250–500 ಮೈಕ್ರಾನ್ ಪುಡಿಗೆ ಮೊದಲು ಹೈಡ್ರೋಕ್ಲೋರಿಕ್, ಆಮೇಲೆ ತೆಳು ಹೈಡ್ರೋಫ್ಲೋರಿಕ್ ಆಮ್ಲ, ಅಂದರೆ ಎಚ್‌ಎಫ್. ಅಲ್ಯೂಮಿನಿಯಂ 200 ಪಿಪಿಎಂಗಿಂತ ಕೆಳಗಿಳಿಯದೆ ಕರಗಿಸಬೇಡಿ, ಬೆರಿಲಿಯಂ ಬೇರ್ಪಡಿಸುವ ಕಾಲಂ ಉಸಿರುಗಟ್ಟುತ್ತದೆ. ಫೆಲ್ಡ್‌ಸ್ಪಾರ್ ಬೇಗ ಕಳಚುವ ನಮ್ಮ ಹದ ಒಂದಿದೆ, ಅದನ್ನು ಸದ್ಯಕ್ಕೆ ಇಟ್ಟುಕೊಂಡಿದ್ದೇನೆ. ಕೊನೆಗೆ 40 ಗ್ರಾಂ ಶುದ್ಧ ಕ್ವಾರ್ಟ್ಜ್, 250 ಮೈಕ್ರೋಗ್ರಾಂ ಕ್ಯಾರಿಯರ್ (ಅಳೆದು ಸೇರಿಸುವ ಸಾಮಾನ್ಯ ಬೆರಿಲಿಯಂ). ದುಡ್ಡು ಉಳಿಸಲು ಅಂಗಡಿಯ ಕ್ಯಾರಿಯರ್ ಹಾಕಿದರೆ ಅದರೊಳಗಿನ ಬೆರಿಲಿಯಂ-10 ಇಂಥ ಎಳೆಯ ಮಾದರಿಯ ಕಾಲು ಭಾಗದಷ್ಟಾಗಿ ಬಿಡಬಹುದು. ಗಣಿಯ ಆಳದ ಖನಿಜದಿಂದ ಮಾಡಿದ್ದೇ ಬೇಕು. ಎಎಂಎಸ್ (ಪರಮಾಣು ಎಣಿಸುವ ಯಂತ್ರದ ಅಳತೆ) ಹೊರದೇಶದಲ್ಲಾದರೆ ಮಾದರಿಗೆ ಮೂವತ್ತು ಸಾವಿರದ ಆಸುಪಾಸು. ಐದು ಆಳ, ಒಂದು ಬ್ಲಾಂಕ್ (ಕಲ್ಲಿಲ್ಲದೆ ಕ್ಯಾರಿಯರ್ ಮಾತ್ರದ ಮಾದರಿ): ಒಂದು ಗುಂಡಿಗೆ ಎರಡು ಲಕ್ಷದ ಹತ್ತಿರ. ಬ್ಲಾಂಕ್ ತಪ್ಪಿಸಿ ಉಳಿಸುವ ಹಣ ಉಳಿತಾಯವಲ್ಲ.

ನೆನಪಿನಿಂದ ಹೇಳುವುದಾದರೆ ಮೇಲ್ಮೈ ಲೆಕ್ಕ ಗ್ರಾಂಗೆ 40 ಸಾವಿರ ಪರಮಾಣು, ಬಾಲ 20 ಸಾವಿರ. ಉತ್ಪಾದನೆ ಗ್ರಾಂಗೆ ವರ್ಷಕ್ಕೆ ಸುಮಾರು 5 ಪರಮಾಣು. ಕಳೆಯದಿದ್ದರೆ 8 ಸಾವಿರ ವರ್ಷ, ಕಳೆದರೆ 4 ಸಾವಿರ. ಅಂದು ನದಿ ಕೊರೆದ, ಈಗ ಮೇಲೆದ್ದ ಬಂಡೆತಳದಿಂದ ಇಂದಿನ ಬಂಡೆತಳಕ್ಕೆ 25 ಮೀಟರ್. ಜಲ್ಲಿಯ ದಪ್ಪ ಇದರಲ್ಲಿ ಸೇರಕೂಡದು. ಏರಿಕೆ ವರ್ಷಕ್ಕೆ 6 ಮಿ.ಮೀ. ಚಿಲ್ಲರೆ, 30 ಡಿಗ್ರಿ ಇಳಿಜಾರಿನ ಸ್ತರಭಂಗದಲ್ಲಿ ಜಾರಿಕೆ ಅದರ ಇಮ್ಮಡಿ, 12ರ ಮೇಲೆ. ಇದೇ ಮೋಹಂಡ್‌ನಲ್ಲಿ ಸ್ಟೀವನ್ ವೆಸ್ನೌಸ್ಕಿ ತಂಡ 1999ರಲ್ಲಿ ಇಂಗಾಲ-14ರ ಕಾಲಮಾಪನದಿಂದ ಪಡೆದ ಜಾರಿಕೆ ವರ್ಷಕ್ಕೆ ಕನಿಷ್ಠ 13.8 ಮಿ.ಮೀ., ಹೆಚ್ಚುಕಮ್ಮಿ 3.6. ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿರಲಿಲ್ಲ.

ಪಕ್ಕದಲ್ಲೊಂದು ಪ್ರಯೋಗ: ಇಂದಿನ ಹೊಳೆಯ ಕಲ್ಲುಗಳನ್ನೂ ಹೀಗೇ ಬೆರೆಸಿ ಅಳೆದೆವು. ಬಾಲದ ಅಂಕಿಗೆ ಹತ್ತಿರವೇ ಬಂತು. ಹೊಳೆಮರಳು ಮಾತ್ರ ಬೇರೆಯೇ ಅಂಕಿ ಕೊಟ್ಟಿತು. ಹಾಗಾಗಿ ಗುಂಡಿ ತೋಡಲಾಗದ ಕಡೆ ಹೊಳೆಯ ಕಲ್ಲಿನ ಅಂಕಿ ಕಳೆಯಿರಿ, ಮರಳಿನದ್ದಲ್ಲ.